ಪೂಜೆಯಾದ ಯಂತ್ರ

ದುರಗವ್ವನ ಬೆರಳು ಕಂಪ್ಯೂಟರಿಗೆ ತಾಗುವ ಮೊದಲೇ ಹೆಡ್‌ಮಾಸ್ತರ ಶಂಭುಲಿಂಗಪ್ಪನವರು, "ಏ, ಮುಟ್ಟಬ್ಯಾಡ!" ಎಂದು ಗದರಿದರು. ಹುಡುಗಿ ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು. ತರಗತಿಯ ಉಳಿದ ಮಕ್ಕಳೆಲ್ಲ ಆಗಲೇ ಒಂದೊಂದೇ ಅಕ್ಷರ ಒತ್ತಿ, ಪರದೆಯ ಮೇಲೆ ತಮ್ಮ ಹೆಸರು ಮೂಡಿದ್ದನ್ನು ಕಂಡು ಕುಣಿದಿದ್ದರು.

"ಯಾಕ್ರಿ ಸರ?" ಎಂದ ವಿರೂಪಾಕ್ಷ. ಅವನು ಹುಬ್ಬಳ್ಳಿಯ ಕಂಪನಿಯೊಂದರ ಎಂಜಿನಿಯರ್. ಹಳ್ಳಿಯ ಮಕ್ಕಳಿಗೆ ಪುಕ್ಕಟೆ ಕಲಿಸುತ್ತೇನೆಂದು, ಊರು ಕಂಡ ಮೊದಲ ಕಂಪ್ಯೂಟರನ್ನು ಗೋಣಿಚೀಲದಲ್ಲಿ ಸುತ್ತಿ ರವಿವಾರದ ಬಸ್ಸಿಗೆ ತಂದಿದ್ದ.

"ಪೂಜಾ ಆಗೇತಲ್ರಿ. ಅಕಿ ಹರಿಜನ ಕೇರಿಯಾಕಿ. ದೇವರನ್ನ ಹೆಂಗ ಮುಟ್ಟತಾಳ?"

ಯಂತ್ರದ ನೆತ್ತಿಯ ಮೇಲೆ ಮೂರು ಬೆರಳಿನ ವಿಭೂತಿ ಇನ್ನೂ ಬೆಳ್ಳಗಿತ್ತು. ಬೆಳಿಗ್ಗೆ ಕಾಯಿ ಒಡೆದು ಅದನ್ನು ಹಚ್ಚಿದವನು ವಿರೂಪಾಕ್ಷನೇ. ಕಂಪನಿಯಲ್ಲಿ ಹೊಸ ಯಂತ್ರ ಬಂದಾಗಲೂ ಹಾಗೇ ಮಾಡುತ್ತಿದ್ದರು. ಅದರಲ್ಲಿ ಅವನಿಗೆ ತಪ್ಪೇನೂ ಕಂಡಿರಲಿಲ್ಲ. ಈಗ ಆ ವಿಭೂತಿಯನ್ನು ಕರವಸ್ತ್ರದಿಂದ ಒಮ್ಮೆ ಒರೆಸಿದ್ದರೆ ಸಾಕಿತ್ತು, ಅದು ಮತ್ತೆ ಬರೀ ಯಂತ್ರವಾಗುತ್ತಿತ್ತು. ಕೈ ಎತ್ತಿದ. ಬಾಗಿಲಲ್ಲಿ ನಿಂತಿದ್ದ ಊರ ಹಿರಿಯರು ಅವನನ್ನೇ ನೋಡುತ್ತಿದ್ದರು. ಎತ್ತಿದ ಕೈಯಿಂದ ಕನ್ನಡಕ ಸರಿಮಾಡಿಕೊಂಡ.

"ನೀ ಅಲ್ಲೇ ನಿಂದ್ರವಾ," ಎಂದ ಮೆಲ್ಲಗೆ. "ನಿನ್ನ ಹೆಸರು ನಾನ ಒತ್ತತೇನಿ."

ದುರಗವ್ವ ತಲೆ ಎತ್ತಿ ಅವನ ಮುಖ ನೋಡಿದಳು.

"ನನ್ನ ಹೆಸರು ದೇವರನ್ನ ಮುಟ್ಟಿದ್ರ ನಡೀತೈತೇನ್ರಿ, ಸರ?"