ಗುರುವಿನ ಕೈ

ಹೊಸ ಬೈಕಿನ ಹಿಂಚಕ್ರ ಗ್ಯಾರೇಜಿನ ರೋಲರ್ ಮೇಲೆ ಗಿರ್ರನೆ ತಿರುಗಿ ನಿಂತಿತು. ಪರದೆಯ ಮೇಲೆ ಎಂಜಿನ್ ಶಕ್ತಿಯ ಗೆರೆ ತಳದಿಂದ ತುದಿಯವರೆಗೆ ಒಂದೇ ಸಮನೆ ಏರಿತ್ತು.

"ನೋಡಿ ಭಾವ, ಹಸುವಿನಂಥ ಗಾಡಿ," ಎಂದ ಗ್ಯಾರೇಜಿನವ. ಅವನು ಗುರುವಿನ ಹೆಂಡತಿಯ ತಮ್ಮ. "ಎಲ್ಲೂ ಒದೆಯಲ್ಲ. ಶಕ್ತಿ ಅಳೆದು ಬಿಡೋಕೆ ಒಳಗೆ ಕಂಪ್ಯೂಟರೇ ಕೂತಿದೆ."

ಗುರು ಪರದೆಯತ್ತ ಬಗ್ಗಿ ಇನ್ನೊಮ್ಮೆ ನೋಡಿದ. ದೋಷ ಗಾಡಿಯಲ್ಲೇ ಇರಲಪ್ಪಾ ಎಂದು ದಾರಿಯುದ್ದಕ್ಕೂ ಬೇಡಿಕೊಂಡು ಬಂದಿದ್ದ.

ಗುರು ಎಂಬುದು ಹೆಸರಲ್ಲ, ಭಾನುವಾರದ ಸವಾರರ ಗುಂಪು ಕೊಟ್ಟ ಬಿರುದು. ಅವನ ಹಳೆಯ ಬೈಕಿನ ಮಾದರಿಯೆಂದರೆ ಎಲ್ಲರಿಗೂ ದಿಗಿಲು. ಆಕ್ಸಿಲರೇಟರ್ ಹಿಡಿಕೆಯನ್ನು ಅರ್ಧ ತಿರುಗಿಸುವವರೆಗೆ ಸಾಧುವಿನಂತಿದ್ದು, ಆಮೇಲೆ ದೆವ್ವ ಮೈಮೇಲೆ ಬಂದಂತೆ ನುಗ್ಗುವ ಜಾತಿ ಅದು. ಗುಂಪಿನಲ್ಲಿ ಅದನ್ನು ಕೊಂಡವರೆಲ್ಲ ಕೈಯೋ ಕಾಲೋ ಮುರಿದುಕೊಂಡಿದ್ದರು. ಗುರುವಿಗೆ ಮಾತ್ರ ಒಂದು ತರಚು ಗಾಯವೂ ಇಲ್ಲ. "ಎಲ್ಲಾ ಕೈಯಲ್ಲಿದೆ ಕಣ್ರೋ," ಎಂದು ಮಣಿಕಟ್ಟು ತಿರುಗಿಸಿ ಪಾಠ ಹೇಳುತ್ತಿದ್ದ. ಅವರು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು.

ಕಳೆದ ಭಾನುವಾರ ಹೊಸದು ಅವನ ಮಾನ ಕಳೆಯಿತು. ನೇರ ರಸ್ತೆಯಲ್ಲಿ ಎಂದಿನಂತೆ ಹಿಡಿಕೆಯನ್ನು ಕೊನೆಯವರೆಗೂ ತಿರುಗಿಸಿದ. ಕೊನೆ ಎಂದುಕೊಂಡ ಜಾಗ ದಾಟಿ ಹಿಡಿಕೆ ಇನ್ನೂ ತಿರುಗಿತು. ಗಾಡಿ ನುಗ್ಗಿದ ರಭಸಕ್ಕೆ ಕಣ್ಣು ಕತ್ತಲಿಟ್ಟಿತು. ತಡೆಗೋಡೆಗೆ ಗೇಣು ದೂರದಲ್ಲಿ ಹೇಗೋ ನಿಂತಾಗ ಗುಂಪಿನ ಕಿರಿಯರು ಮುಖ ಮುಖ ನೋಡಿಕೊಂಡರು.

ಹಳೆಯದನ್ನು ಆಗಲೇ ಮಾರಿಯಾಗಿತ್ತು, ಕೊಂಡವನು ಇವತ್ತು ಸಂಜೆ ಈ ಗ್ಯಾರೇಜಿಗೇ ಬಂದು ಒಯ್ಯುವವನಿದ್ದ. ಮಾರಬೇಡಿ ಎಂದು ಹೆಂಡತಿ ಹಟ ಹಿಡಿದು ಸೋತಿದ್ದಳು. ಅವತ್ತಿನಿಂದ ಹೊಸದರ ಸುತ್ತ ಟಾರ್ಚು ಹಿಡಿದು ಸುತ್ತುತ್ತಿದ್ದಳು, ಹಿಡಿಕೆಯ ಕೆಳಗೆ ಬೆರಳಾಡಿಸುತ್ತಿದ್ದಳು. ಎಲ್ಲಿ ಗೀರು ಬಿದ್ದಿದೆ ಎಂದು ಹುಡುಕುತ್ತಿದ್ದಾಳೆ, ಸಿಕ್ಕರೆ ಹಂಗಿಸುತ್ತಾಳೆ ಎಂದು ಗುರು ಒಳಗೊಳಗೇ ಉರಿದಿದ್ದ. ಇವತ್ತು ಗ್ಯಾರೇಜಿಗೂ ಬೆನ್ನು ಹತ್ತಿ ಬಂದಿದ್ದಳು.

ಹೋಲಿಸಿ ನೋಡಲು ಹಳೆಯದೂ ರೋಲರ್ ಏರಿತು. ಅದರ ಗೆರೆ ಮೆಲ್ಲಗೆ ಹತ್ತಿ, ಜಿಗಿಯಬೇಕಾದ ಕಡೆ ಚಪ್ಪಟೆಯಾಗಿ ಮಲಗಿತು.

"ಇದೇನೋ, ಇದನ್ನೇ ಅಲ್ವಾ ದೆವ್ವ ಅನ್ನೋದು?" ಎಂದ ಗುರು.

ಭಾವಮೈದುನ ಗಡಿಬಿಡಿಯಿಂದ ಪರದೆ ಆರಿಸಿದ. "ಹಳೇ ಎಂಜಿನ್ ಭಾವ, ಸುಸ್ತಾಗಿರುತ್ತೆ."

ಸುಸ್ತಾದದ್ದು ತನ್ನ ಕೈ ಎಂದು ಗುರುವಿಗೆ ಖಾತ್ರಿಯಾಯಿತು. ದೆವ್ವವನ್ನು ಪಳಗಿಸಿದವನಿಗೆ ಹಸು ಬಗ್ಗುತ್ತಿಲ್ಲ. ಬರುವ ಭಾನುವಾರ ಹೋಗದಿದ್ದರೆ ಮಾನ ಹೋಗುತ್ತದೆ, ಹೋದರೆ ಪ್ರಾಣ. ಹೋಗದೆ ಇರುವ ಧೈರ್ಯವೂ ಅವನಿಗಿರಲಿಲ್ಲ. ಅಳು ಬಂದಂತಾಗಿ, ಕೈ ತೊಳೆಯುವ ನೆಪದಲ್ಲಿ ಹಿಂದಿನ ನಲ್ಲಿಗೆ ನಡೆದ.

ನಲ್ಲಿ ನಿಲ್ಲಿಸಿದಾಗ ಗೋಡೆಯಾಚೆ ಹೆಂಡತಿಯ ಪಿಸುದನಿ ಕೇಳಿಸಿತು.

"ಈ ಹೊಸದರ ಹಿಡಿಕೆ ಕೇಬಲ್ ಎಲ್ಲಿದೆಯೋ? ಹುಡುಕಿ ಹುಡುಕಿ ಸಾಕಾಯ್ತು."

"ಇದಕ್ಕೆ ಕೇಬಲ್ಲೇ ಇಲ್ಲ ಅಕ್ಕ. ಕಂಪ್ಯೂಟರಲ್ಲಿ ಶಕ್ತಿ ಕಮ್ಮಿ ಮಾಡಿದ್ರೆ ಭಾವನಿಗೆ ಮೀಟರಲ್ಲೇ ಕಾಣುತ್ತೆ."

ಅವಳ ದನಿ ಪಿಸುಮಾತು ಮೀರಿ ಏರಿತು.

"ಹಾಗಾದ್ರೆ ಹಳೇದರ ಹಿಡಿಕೆ ಪೂರ್ತಿ ತಿರುಗದ ಹಾಗೆ, ಅದನ್ನ ಕೊಂಡ ದಿನಾನೇ ನನಗೋಸ್ಕರ ಕೇಬಲ್ಲಿಗೆ ಒಂದು ಅಡ್ಡತುಂಡು ಕೂರಿಸಿಕೊಟ್ಟಿದ್ಯಲ್ಲ, ಅದನ್ನ ಇದರಲ್ಲಿ ಎಲ್ಲಿ ಇಡ್ತೀಯೋ?"