ಹಸಿರು ಹೊಲ

ಬೆಳೆನಷ್ಟ ಬರೆಯಲು ಬಂದ ಅಧಿಕಾರಿ ಬೈಕಿನಿಂದ ಇಳಿಯದೆಯೇ ರಹಮತ್ ಬಿಯ ಕಡಲೆಕಾಯಿ ಹೊಲದ ಫೋಟೊ ತೆಗೆದರು. "ಹೊಲ ಹಸಿರಾಗೈತಲ್ಲಜ್ಜಿ, ನಷ್ಟ ಇಲ್ಲ ಅಂತ ಬರೀತೀನಿ. ಪರಿಹಾರ ಬರಲ್ಲ."

ರಹಮತ್ ಬಿ ಬೈಕಿಗೆ ಅಡ್ಡ ನಿಂತಳು. "ಕಡಲೆಕಾಯಿ ಎಲೆ ಮೇಲೆ ಬಿಡ್ತದಾ ಸಾಹೇಬ್ರೆ? ಹೂವಿನ ಹೊತ್ನಾಗೆ ಕೈಕೊಟ್ಟ ಮಳೆ ಆಮೇಲೆ ಬಂದು ಬರೀ ಸೊಪ್ಪು ಬೆಳೆಸ್ತು. ಇಳೀರಿ, ಬೇಕಾದ ಗಿಡ ನೀವೇ ಕೀಳಿ. ಒಂದು ಹಿಡಿ ಕಾಯಿ ಸಿಕ್ರೆ ಪರಿಹಾರ ಬ್ಯಾಡ."

ಅಧಿಕಾರಿ ನಗುತ್ತಲೇ ಬದುವಿನ ಪಕ್ಕ ಕಿತ್ತರು, ನಡುಹೊಲದಲ್ಲೂ ಕಿತ್ತರು. ಐದು ಗಿಡಕ್ಕೆ ಸಿಕ್ಕಿದ್ದು ಎರಡೇ ಜೊಳ್ಳು ಕಾಯಿ. ನಗು ನಿಂತಿತು. "ಈ ಗಿಡ ಹಿಡ್ಕೊಳ್ಳಜ್ಜಿ, ಬೇರಿನ ಫೋಟೊ ತೆಗೀತೀನಿ."

"ನಾನ್ ಹಿಡ್ಕಂಡ್ರೆ ನಾನೇ ಆರಿಸಿ ಕಿತ್ತೆ ಅಂತಾರೆ ನಿಮ್ಮ ಆಫೀಸ್ನಾಗೆ," ಎಂದು ಅವಳು ಕೈಚಾಚಿದಳು. "ಕಿತ್ತೋರು ನೀವು, ನೀವೇ ಹಿಡ್ಕಳಿ. ಮೊಬೈಲ್ ಕೊಡಿ, ಫೋಟೊ ನಾನ್ ಹೊಡೀತೀನಿ."