ಆಯಾ ತಂದ ಚೀಟಿ

"ಇದು ಪ್ರಾರ್ಥನೆಯಮ್ಮ, ಕವಿತೆ ಅಲ್ಲ," ಎಂದು ಆಸ್ಪತ್ರೆಯ ವಾರ್ಷಿಕ ಸಂಚಿಕೆಗೆ ಕವಿತೆ ಆರಿಸುತ್ತಿದ್ದ ಗುಮಾಸ್ತರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ನಲವತ್ತು ಕವಿತೆ ಓದಿ ಅವರ ತಲೆ ಚಿಟ್ಟು ಹಿಡಿದಿತ್ತು. ಪಾಳಿ ಮುಗಿಸಿದ ಆಯಾ ಬಾಗಿಲಿಗೆ ಒರಗಿ ನಿಂತಿದ್ದಳು. ಔಷಧಿ ಚೀಟಿಯ ಹಿಂಬದಿಯಲ್ಲಿ ಅವಳು ಬರೆದದ್ದು ಇಷ್ಟೇ: ದೇವರೇ, ಹಾಸಿಗೆ ಹಿಡಿದ ನನ್ನ ಮಗಳಿಗಿಂತ ಒಂದೇ ಒಂದು ದಿನ ಹೆಚ್ಚು ನನ್ನನ್ನು ಬದುಕಿಸು.

"ಪ್ರಾಸ ಇಲ್ಲ ಅಂತಲಾ ಸರ್?"

"ಪ್ರಾಸ ಯಾರಿಗೆ ಬೇಕು? ಕವಿತೆ ಮನುಷ್ಯರು ಓದೋಕೆ. ಇದು ದೇವರಿಗೆ ಬರೆದದ್ದು."

"ಅವನಿಗೆ ಕೊಟ್ಟು ಆರು ವರ್ಷ ಆಯ್ತು ಸರ್. ಹೂಂ ಅಂತಾನೂ ಅನ್ನಲಿಲ್ಲ, ಊಹೂಂ ಅಂತಾನೂ ಅನ್ನಲಿಲ್ಲ. ಮನುಷ್ಯರಾದ್ರೂ ಓದಲಿ ಅಂತ ತಂದೆ."

ಗುಮಾಸ್ತರು ಆರಿಸಿದ ಕವಿತೆಗಳ ಕಟ್ಟಿನ ಮೇಲಿದ್ದ ದೊಡ್ಡ ಡಾಕ್ಟರ ಕವಿತೆಯನ್ನು ಕೆಳಕ್ಕೆ ಸರಿಸಿ, ಆ ಚೀಟಿಯನ್ನು ಎಲ್ಲಕ್ಕಿಂತ ಮೇಲಿಟ್ಟರು.